ಶುಂಠಿ ಪೊಟ್ಟಣದ ಹಿಂಬದಿಯ ಮೂರು ಸಾಲು: ಒಂದು ಪ್ರಕರಣ ಅಧ್ಯಯನ

ಬಸವನಗುಡಿಯ ಒಂದು ಮನೆ. ಸಾರಿನ ಪುಡಿ, ಚಟ್ನಿಪುಡಿ, ಕಷಾಯದ ಪುಡಿ ಮಾಡಿ ಸುತ್ತಲಿನ ಅಂಗಡಿಗಳಿಗೆ ಹಾಕುವುದು ಆ ಮನೆಯವರ ಕಸುಬು. ಹೊಸದಾಗಿ ಒಣಶುಂಠಿ ಪುಡಿಯ ಪೊಟ್ಟಣ ತರಬೇಕು, ಅದರ ಹಿಂಬದಿಯಲ್ಲಿ ‘ಜಿಂಜರ್’ ಎಂಬ ಇಂಗ್ಲಿಷ್ ಪದ ಎಲ್ಲಿಂದ ಬಂತು ಅಂತ ಮೂರು ಸಾಲು ಇರಬೇಕು ಎಂದು ಅವರಿಗೆ ಆಸೆ. ಕರಡು ತಿದ್ದಿಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಕರಡು ಬರೆದವರು ಮನೆಯ ಹಿರಿಯರು, ನಿವೃತ್ತ ಸಂಸ್ಕೃತ ಮೇಷ್ಟ್ರು. ‘ಜಿಂಜರ್ ಪದ ಸಂಸ್ಕೃತದ ಶೃಂಗವೇರದಿಂದ ಬಂದಿದೆ. ಶೃಂಗ ಎಂದರೆ ಕೊಂಬು, ವೇರ ಎಂದರೆ ದೇಹ. ಕೊಂಬಿನಂಥ ದೇಹವುಳ್ಳದ್ದು ಎಂದರ್ಥ’ ಅಂತ ಬರೆದಿದ್ದರು. ಇದು ಅವರು ಕಟ್ಟಿದ್ದಲ್ಲ. ಹಲವು ಇಂಗ್ಲಿಷ್ ನಿಘಂಟುಗಳಲ್ಲಿ ಇದೇ ವಿವರಣೆ ಇತ್ತು, ಕೆಲವದರಲ್ಲಿ ಈಗಲೂ ಇದೆ. ಅಲ್ಪವಿರಾಮ ಸರಿಮಾಡಿ ಕಳಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಆದರೆ ಅದಾಗಲೇ ಮನೆಯೊಳಗೇ ಜಗಳ ಹತ್ತಿಕೊಂಡಿತ್ತು. ಪೊಟ್ಟಣದ ವಿನ್ಯಾಸ ಮಾಡುತ್ತಿದ್ದ ಹುಡುಗ ಹಲಸೂರಿನವನು, ಮನೆಮಾತು ತಮಿಳು. ‘ಮೇಡಂ, ಇದು ಇಂಜಿ ವೇರ್, ಅಂದ್ರೆ ಶುಂಠಿ ಬೇರು ಅಲ್ವಾ? ನಮ್ಮಜ್ಜಿ ಇಂಜಿ ಅಂತಾನೇ ಅನ್ನೋದು’ ಅಂದ. ವ್ಯಾಪಾರ ನೋಡಿಕೊಳ್ಳುವ ಸೊಸೆಗೆ ಸಸ್ಯಶಾಸ್ತ್ರದ ಹೆಸರು ಕಣ್ಣಿಗೆ ಬಿದ್ದಿತ್ತು. 1807ರಲ್ಲಿ ರಾಸ್ಕೋ ಶುಂಠಿಗೆ ಕೊಟ್ಟ ಹೆಸರು ಜಿಂಗಿಬೆರ್ ಅಫಿಸಿನಾಲೆ. ‘ನೋಡಿ, ಬೇರು ಅಂತ ಅದರಲ್ಲೇ ಇದೆ. ಕನ್ನಡದಿಂದ ಹೋಯ್ತು ಅಂತ ಹಾಕ್ಬಿಡಿ’ ಎಂದರು. ಜರ್ಮನಿಯಲ್ಲಿರುವ ಮಗ ಫೋನಿನಲ್ಲಿ ಇನ್ನೊಂದು ಸೇರಿಸಿದ: ಅಲ್ಲಿ ಶುಂಠಿಗೆ ಇಂಗ್ವರ್ ಅನ್ನುತ್ತಾರೆ, ಅದಂತೂ ಇಂಜಿವೇರೇ ಅಲ್ಲವೇ ಅಂತ.

ಪದಮೂಲ ಹುಡುಕುವಾಗ ಇಲ್ಲಿಂದ ಹಾರಿ ಅಲ್ಲಿಗೆ ಕೂರುವುದೇ ತೊಂದರೆ. ಎರಡು ತುದಿಯಲ್ಲಿ ಒಂದೇ ಥರದ ಸದ್ದು ಕೇಳಿಸಿದರೆ ನಡುವಿನ ಸಾವಿರ ವರ್ಷ ಮರೆತುಹೋಗುತ್ತದೆ. ಇಂಗ್ಲಿಷಿನಿಂದ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹೋಗೋಣ, ಪ್ರತಿ ಮೆಟ್ಟಿಲಿಗೂ ಲಿಖಿತ ಆಧಾರ ಕೇಳೋಣ ಎಂದೆ. ಎಲ್ಲರೂ ಒಪ್ಪಿದರು, ಮೇಷ್ಟ್ರು ಸ್ವಲ್ಪ ಬಿಗಿಯಾಗಿಯೇ.

ಇಂಗ್ಲಿಷಿನಿಂದ ರೋಮಿನವರೆಗೆ

ಈ ಭಾಗದಲ್ಲಿ ತಕರಾರಿಲ್ಲ. ಸುಮಾರು ಸಾವಿರ ವರ್ಷ ಹಿಂದಿನ ಹಳೆಯ ಇಂಗ್ಲಿಷ್ ಮದ್ದಿನ ಪುಸ್ತಕಗಳಲ್ಲಿ ‘ಗಿಂಗಿಫೆರ್’ ಎಂದಿದೆ. ಅದು ಲ್ಯಾಟಿನ್‌ನಿಂದ ನೇರ ಬಂದದ್ದು. ಮುಂದೆ ನಾರ್ಮನ್ನರ ಕಾಲದ ಬಳಿಕ ಅದೇ ಪದ ಹಳೆಯ ಫ್ರೆಂಚಿನ ‘ಜಿಂಜಿವ್ರೆ’ಯ ರೂಪದಲ್ಲಿ ಇನ್ನೊಮ್ಮೆ ಇಂಗ್ಲೆಂಡಿಗೆ ಹೊಕ್ಕಿತು. ಮಧ್ಯಕಾಲದ ಇಂಗ್ಲಿಷಿನಲ್ಲಿ ಅದು ಜಿಂಜಿವೆರೆ, ಜಿಂಜೆರೆ ಎಂದು ಸವೆಯುತ್ತ ಜಿಂಜರ್ ಆಗಿ ನಿಂತಿತು. ಸವೆತದಲ್ಲಿ ನಡುವಿನ ವಕಾರವೇ ಹೋಯಿತು. ಮುಂದೆ ಇಡೀ ವಿಚಾರಣೆ ಆ ವಕಾರದ ಸುತ್ತಲೇ ತಿರುಗುವುದರಿಂದ ಇದನ್ನು ಇಲ್ಲೇ ಗುರುತು ಹಾಕಿಕೊಂಡೆವು.

ಜರ್ಮನ್ ಇಂಗ್ವರ್ ವಿಷಯ ಐದು ನಿಮಿಷದಲ್ಲಿ ಮುಗಿಯಿತು. ಹಳೆಯ ಜರ್ಮನ್ ರೂಪ ‘ಗಿಂಗಿಬೆರೊ’. ಮಧ್ಯಕಾಲದಲ್ಲಿ ಮೊದಲ ಗಕಾರ ಬಿದ್ದು ‘ಇಂಗೆವೆರ್’ ಆಯಿತು. ಲ್ಯಾಟಿನ್, ಫ್ರೆಂಚ್ ಹಾದಿಯಲ್ಲಿ ಬಂದು ಜರ್ಮನ್ ಬಾಯಲ್ಲಿ ತಲೆ ಕಳೆದುಕೊಂಡು, ಆಕಸ್ಮಿಕವಾಗಿ ತಮಿಳಿನ ಇಂಜಿವೇರನ್ನು ಹೋಲುವ ಹಾಗಾಯಿತು, ಅಷ್ಟೆ. ಹಳೆಯ ರೂಪ ಸಿಕ್ಕಿರದಿದ್ದರೆ ಈ ಹೋಲಿಕೆ ಎಂಥವರನ್ನೂ ಬೀಳಿಸುತ್ತಿತ್ತು. ಫೋನಿನಲ್ಲಿದ್ದವನಿಗೆ ಬೇಸರವಾಯಿತು, ಪಾಪ.

ಲ್ಯಾಟಿನ್ ಬಳಿ ಮಾತ್ರ ನಿಲ್ಲಬೇಕು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸ್ಫೋಟದ ವೇಳೆ ಸತ್ತ ರೋಮನ್ ಲೇಖಕ ಪ್ಲಿನಿ ತನ್ನ ನಿಸರ್ಗ ಚರಿತ್ರೆಯ 12ನೆಯ ಸಂಪುಟದಲ್ಲಿ ಶುಂಠಿಯ ಬಗ್ಗೆ ಬರೆದಿದ್ದಾನೆ. ಕೆಲವರು ತಿಳಿದ ಹಾಗೆ ಇದು ಮೆಣಸಿನ ಮರದ ಬೇರಲ್ಲ, ಇದಕ್ಕೆ ‘ಜಿಂಗಿಬೆರಿ’ ಎನ್ನುತ್ತಾರೆ, ಇನ್ನು ಕೆಲವರು ‘ಜಿಂಪಿಬೆರಿ’ ಎನ್ನುತ್ತಾರೆ, ಬಿಳಿ ಬೇರಿನ ಸಣ್ಣ ಗಿಡ, ಇಷ್ಟು ಖಾರವಿದ್ದರೂ ಬೇಗ ಕೆಡುತ್ತದೆ, ಪೌಂಡಿಗೆ 6 ದಿನಾರಿ ಬೆಲೆ ಎಂದು ಬರೆದಿದ್ದಾನೆ. ಬೇಗ ಕೆಡುತ್ತದೆ ಎಂದಾಗ ಸೊಸೆ ನಕ್ಕರು. ಒಣಶುಂಠಿ ಡಬ್ಬದಲ್ಲಿ ಹುಳ ಬೀಳುವುದು ಅವರಿಗೆ ಗೊತ್ತಿರದ ಸಂಗತಿಯೇ?

ಪ್ಲಿನಿ ಗಿಡ ಬೆಳೆಯುವ ಜಾಗ ಹೇಳುವಾಗ ಎಡವಿದ್ದಾನೆ. ಅರೇಬಿಯಾ ಮತ್ತು ಕೆಂಪು ಸಮುದ್ರದ ಆಫ್ರಿಕಾ ಕಡೆಯ ದಡ ಎನ್ನುತ್ತಾನೆ. ಸರಕು ಕೆಂಪು ಸಮುದ್ರದ ಬಂದರುಗಳಲ್ಲಿ ಕೈ ಬದಲಾಗಿ ರೋಮ್ ಸೇರುತ್ತಿತ್ತು, ಕೊಳ್ಳುವವನಿಗೆ ಅದರಾಚೆಯದು ಕಾಣುತ್ತಿರಲಿಲ್ಲ. ಅದೇ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್‌ನಲ್ಲಿ ಪದದ ರೂಪ ‘ಜಿಂಗಿಬೆರಿಸ್’. ಗ್ರೀಕಿನಲ್ಲಿ ಈ ಪದಕ್ಕೆ ಒಳಗಿನ ಧಾತುವಿಲ್ಲ, ಅರ್ಥ ಬಿಡಿಸಲು ಬರುವುದಿಲ್ಲ. ಅಂದರೆ ಸರಕಿನ ಜೊತೆ ಹೆಸರೂ ಹಡಗಿಳಿದಿದೆ.

ಕೊಂಬಿನ ಕಥೆ

ಇಲ್ಲಿಂದ ಮುಂದಿನದು ಮೇಷ್ಟ್ರ ಕ್ಷೇತ್ರ. ಅವರು ಸುಮ್ಮನೆ ಬಿಟ್ಟುಕೊಡುವವರಲ್ಲ. ಒಂದು ಹಸಿ ಶುಂಠಿ ತರಿಸಿ ಮೇಜಿನ ಮೇಲಿಟ್ಟರು. ಮೂರು ಕವಲು, ತುದಿ ಮೊಂಡು, ಚಿಗುರುತ್ತಿರುವ ಜಿಂಕೆಕೊಂಬಿನ ಹಾಗೆಯೇ ಇತ್ತು. ‘ಇದನ್ನ ನೋಡಿ ಶೃಂಗ ಅನ್ನದೆ ಇನ್ನೇನನ್ನಬೇಕು? ರಾಮಾಯಣದಲ್ಲಿ ಗುಹನ ಊರೇ ಶೃಂಗವೇರಪುರ. ಗಂಗೆಯ ದಡದಲ್ಲಿ. ಅಷ್ಟು ಹಳೇ ಮಾತು ಇದು.’

ಪದ ಹಳೆಯದು ಎಂಬುದರಲ್ಲಿ ಅನುಮಾನವಿಲ್ಲ ಮೇಷ್ಟ್ರೇ, ಅದನ್ನು ಶೃಂಗ ಮತ್ತು ವೇರ ಎಂದು ಬಿಡಿಸಿದ್ದು ಸರಿಯೇ ಎಂಬುದಷ್ಟೇ ಪ್ರಶ್ನೆ ಎಂದೆ. ಮೊದಲ ತೊಡಕು ‘ವೇರ’. ಕೋಶಗಳು ಅದಕ್ಕೆ ದೇಹ, ಕೇಸರಿ, ಬದನೆ ಎಂದು ಅರ್ಥ ಕೊಡುತ್ತವೆ. ಆದರೆ ಅವು ಕೋಶಕಾರರು ಪಟ್ಟಿ ಮಾಡಿದ ಅರ್ಥಗಳು. ದೇಹ ಎಂಬರ್ಥದಲ್ಲಿ ‘ವೇರ’ ಬಂದಿರುವ ಒಂದು ಶ್ಲೋಕ ಹೇಳಿ ಎಂದಾಗ ಅವರು ತುಂಬ ಹೊತ್ತು ಯೋಚಿಸಿದರು. ಶರೀರ, ಕಾಯ, ತನು, ಗಾತ್ರ, ವಪುಸ್ಸು ಇಷ್ಟೆಲ್ಲ ಇದ್ದ ಭಾಷೆಯಲ್ಲಿ ಒಂದು ಗೆಡ್ಡೆಯ ಹೆಸರಿಗೆ ಮಾತ್ರ ‘ವೇರ’ ಬೇಕಾಯಿತೇ ಎಂದು ತಾವೇ ಗೊಣಗಿಕೊಂಡರು.

ಎರಡನೆಯ ತೊಡಕು ಸ್ವರದ್ದು, ನನ್ನ ಮಟ್ಟಿಗೆ ಇದೇ ದೊಡ್ಡದು. ಹಳೆಯ ಬೌದ್ಧ ಗ್ರಂಥಗಳ ಭಾಷೆಯಾದ ಪಾಳಿಯಲ್ಲಿ ಈ ಪದ ‘ಸಿಂಗಿವೇರ’. ಸಂಸ್ಕೃತದ ಶೃಂಗ ಪಾಳಿಯಲ್ಲಿ ‘ಸಿಂಗ’ ಆಗುತ್ತದೆ, ಶೃಗಾಲ ‘ಸಿಗಾಲ’ ಆದ ಹಾಗೆ. ಹಾಗಾದರೆ ಶೃಂಗವೇರ ‘ಸಿಂಗವೇರ’ ಆಗಬೇಕಿತ್ತು. ನಡುವೆ ಇಕಾರ ಎಲ್ಲಿಂದ ಬಂತು? ಗ್ರೀಕ್ ಜಿಂಗಿಬೆರಿಸ್‌ನಲ್ಲೂ ಅದೇ ಜಾಗದಲ್ಲಿ ಇಕಾರ. ಪಾಳಿ ಭಿಕ್ಷುವಿಗೂ ಗ್ರೀಕ್ ವೈದ್ಯನಿಗೂ ಪರಸ್ಪರ ಕೇಳಿ ಬರೆಯುವ ಸಂದರ್ಭವಿರಲಿಲ್ಲ, ಆದರೂ ಇಬ್ಬರಲ್ಲೂ ಇಕಾರವಿದೆ, ಸಂಸ್ಕೃತದಲ್ಲಿ ಮಾತ್ರ ಅಕಾರ. ಬಾಯಿಮಾತಿನಲ್ಲಿದ್ದುದು ಸಿಂಗಿ, ಅದನ್ನು ಸಂಸ್ಕೃತಕ್ಕೆ ಒಯ್ದವರು ಪರಿಚಿತವಾದ ಶೃಂಗದ ಅಚ್ಚಿಗೆ ಹಾಕಿದರು ಎಂದುಕೊಂಡರೆ ಎರಡೂ ತೊಡಕು ಒಟ್ಟಿಗೆ ಬಿಡಿಸಿಕೊಳ್ಳುತ್ತವೆ.

ಮೇಷ್ಟ್ರಿಗೆ ಇದು ಸಂಸ್ಕೃತಕ್ಕೆ ಮಾಡಿದ ಅವಮಾನದಂತೆ ಕೇಳಿಸಿತು. ಆಗ ಬೆಂಗಳೂರಿನದೇ ಉದಾಹರಣೆ ತೆಗೆದೆ. ವೀರಬಲ್ಲಾಳ ಬೇಟೆಗೆ ಬಂದು ದಾರಿ ತಪ್ಪಿ, ಮುದುಕಿಯೊಬ್ಬಳು ಬೇಯಿಸಿದ ಕಾಳು ಕೊಟ್ಟಳು, ಊರು ಬೆಂದಕಾಳೂರಾಯಿತು ಎಂಬ ಕಥೆ ಕೇಳದ ಬೆಂಗಳೂರಿಗನಿಲ್ಲ. ಆದರೆ ಬೇಗೂರಿನ ನಾಗೇಶ್ವರ ದೇವಸ್ಥಾನದ ಸುಮಾರು 890ರ ಶಾಸನದಲ್ಲೇ ಬೆಂಗಳೂರ ಕಾಳೆಗದ ಮಾತಿದೆ. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಊರಿನ ಹೆಸರು ಮೊದಲಿತ್ತು, ಕಾಳು ಆಮೇಲೆ ಬೆಂದಿತು. ಅರ್ಥವಾಗದ ಹೆಸರಿಗೆ ಜನ ಅರ್ಥ ಹೊಂದಿಸುವುದು ಎಲ್ಲ ಭಾಷೆಯಲ್ಲೂ ನಡೆಯುತ್ತದೆ. ಇಂಗ್ಲಿಷಿನವರೂ ಇದೇ ಶುಂಠಿಯ ಮೇಲೆ ಇದನ್ನೇ ಮಾಡಿದ್ದಾರೆ: ಹಳೆಯ ಫ್ರೆಂಚಿನ ‘ಜಿಂಜೆಂಬ್ರಾಸ್’ ಎಂದರೆ ಸಕ್ಕರೆ ಹಾಕಿ ಕಾಪಿಟ್ಟ ಶುಂಠಿ, ಅದರ ಬಾಲದ ‘ಬ್ರಾಸ್’ ಇಂಗ್ಲಿಷ್ ಕಿವಿಗೆ ‘ಬ್ರೆಡ್’ ಎಂದು ಕೇಳಿಸಿ ಜಿಂಜರ್‌ಬ್ರೆಡ್ ಹುಟ್ಟಿತು. ಬ್ರೆಡ್ಡಿಗೂ ಅದಕ್ಕೂ ಮೊದಲು ಸಂಬಂಧವೇ ಇರಲಿಲ್ಲ. ಬೇಗೂರಿನ ಶಾಸನವನ್ನು ಮೇಷ್ಟ್ರು ಕಣ್ಣಾರೆ ನೋಡಿದ್ದರಂತೆ. ‘ಹಾಗೆ ಬನ್ನಿ’ ಎಂದು ಶುಂಠಿಯನ್ನು ಮೇಜಿನಿಂದೆತ್ತಿ ಒಳಗೆ ಕೊಟ್ಟರು, ಚಹಾಕ್ಕೆ.

ಬೇರಿನ ಲೆಕ್ಕ

ಸಿಂಗಿವೇರ ಪಾಳಿಯಲ್ಲಿ ಎಲ್ಲಿ ಬರುತ್ತದೆ ಎಂಬುದನ್ನು ನೋಡಬೇಕು. ತ್ರಿಪಿಟಕದಲ್ಲಿ ಭಿಕ್ಷುಗಳ ನಿಯಮ ಹೇಳುವ ಭಾಗವಾದ ವಿನಯಪಿಟಕದ ಮಹಾವಗ್ಗದಲ್ಲಿ ಭಿಕ್ಷುಗಳು ಇಟ್ಟುಕೊಳ್ಳಬಹುದಾದ ಮದ್ದುಗಳ ಅಧ್ಯಾಯವಿದೆ. ಅದರಲ್ಲಿ ಬೇರು ಮದ್ದುಗಳು ಎಂಬ ತಲೆಬರಹದ ಕೆಳಗೆ ಒಂದು ಪಟ್ಟಿ: ಹಲಿದ್ದಿ, ಸಿಂಗಿವೇರ, ವಚ, ವಚತ್ಥ, ಅತಿವಿಸ, ಕಟುಕರೋಹಿಣಿ, ಉಸೀರ, ಭದ್ದಮುತ್ತಕ. ಅರಿಶಿನ, ಶುಂಠಿ, ಬಜೆ, ಕಟುಕರೋಹಿಣಿ, ಲಾವಂಚ, ಭದ್ರಮುಷ್ಟಿ ಎಂದು ಓದಿ ಹೇಳಿದಾಗ ಸೊಸೆ ‘ಇದು ಗ್ರಂಥಿಗೆ ಅಂಗಡಿ ಚೀಟಿ ಥರಾನೇ ಇದೆಯಲ್ಲ’ ಎಂದರು. ನಿಜ, ಅವೆನ್ಯೂ ರಸ್ತೆಯ ಕಡೆಯ ಯಾವುದಾದರೂ ಗ್ರಂಥಿಗೆ ಅಂಗಡಿಗೆ ಈ ಚೀಟಿ ಕೊಟ್ಟರೆ ಬಹುಪಾಲು ಕಟ್ಟಿಕೊಡುತ್ತಾರೆ. ಪಾಳಿ ತ್ರಿಪಿಟಕ ಕ್ರಿ.ಪೂ. 1ನೆಯ ಶತಮಾನದಲ್ಲಿ ಶ್ರೀಲಂಕಾದಲ್ಲಿ ಬರಹಕ್ಕೆ ಇಳಿಯಿತೆಂಬುದು ಬೌದ್ಧ ಪರಂಪರೆ. ಪ್ಲಿನಿಗಿಂತ ಮೊದಲೇ ಅಂತಾಯಿತು. ಅಲ್ಲಿ ಶುಂಠಿಯನ್ನು ಸೇರಿಸಿರುವುದು ಬೇರುಗಳ ಗುಂಪಿಗೆ, ಕೊಂಬಿನ ಮಾತಿಲ್ಲ.

ಈಗ ಹಲಸೂರಿನ ಹುಡುಗನ ಮಾತಿಗೆ ಬರೋಣ. ತಮಿಳು, ಮಲಯಾಳಗಳಲ್ಲಿ ಶುಂಠಿಗೆ ಇಂಜಿ. ವೇರ್ ಎಂದರೆ ಬೇರು. ತೆಲುಗಿನಲ್ಲಿ ವೇರು, ತುಳುವಿನಲ್ಲಿ ಬೇರ್. ಪದದ ಎರಡನೆಯ ಅರ್ಧಕ್ಕೆ ಸಂಸ್ಕೃತದಲ್ಲಿ ಕೋಶದೊಳಗಿನ ಅರ್ಥವಷ್ಟೇ ಸಿಕ್ಕಿದರೆ, ದ್ರಾವಿಡ ನುಡಿಗಳಲ್ಲಿ ದಿನಾ ಆಡುವ ಪದವೇ ಸಿಗುತ್ತದೆ, ಅರ್ಥವೂ ಸರಿಹೊಂದುತ್ತದೆ. ಹೀಗೆ ವೇರ್ ಹೊತ್ತು ಇಂಗ್ಲಿಷಿಗೆ ಹೋದ ಪದ ಇನ್ನೊಂದಿದೆ. ಲಾವಂಚಕ್ಕೆ ಇಂಗ್ಲಿಷಿನಲ್ಲಿ ವೆಟಿವರ್. ತಮಿಳಿನ ವೆಟ್ಟಿವೇರ್ ಫ್ರೆಂಚಿನ ಮೂಲಕ ಅಲ್ಲಿ ಹೋಯಿತು, ಅದರಲ್ಲಿ ಯಾರದೂ ತಕರಾರಿಲ್ಲ.

ಶುಂಠಿ ಬೇರೇ ಅಲ್ಲವಲ್ಲ, ನೆಲದೊಳಗಿನ ಕಾಂಡ ಎಂದು ಕಾಲೇಜಿಗೆ ಹೋಗುವ ಮೊಮ್ಮಗಳು ತಡೆದಳು. ಸಸ್ಯಶಾಸ್ತ್ರದ ಪ್ರಕಾರ ಅವಳ ಮಾತು ಸರಿ. ಆದರೆ ಹೆಸರಿಟ್ಟವರು ಅಗೆದು ತೆಗೆಯುವವರು. ಪಾಳಿ ಪಟ್ಟಿಯೂ ಅದನ್ನು ಬೇರೆಂದೇ ಕರೆದಿದೆ, ಪ್ಲಿನಿಯೂ.

ಸೊಸೆಯ ಪ್ರಶ್ನೆ ಇದಕ್ಕಿಂತ ಕಠಿಣ. ಜಿಂಗಿಬೆರ್‌ನಲ್ಲಿ ಬಕಾರವಿದೆ, ತಮಿಳಿನಲ್ಲಿ ವಕಾರ, ಬಕಾರ ಇರುವುದು ಕನ್ನಡದಲ್ಲಿ. ಹಾಗಾದರೆ ಕನ್ನಡದಿಂದಲೇ ಹೋಗಿರಬೇಕಲ್ಲವೇ? ಕೇಳಲು ಚೆನ್ನಾಗಿದೆ, ನನಗೂ ಹಾಗೆ ಬರೆಯಲು ಇಷ್ಟವೇ. ಆದರೆ ಆ ಎರಡು ಬಕಾರಗಳು ಬೇರೆ ಬೇರೆ ಕಾರಣಕ್ಕೆ ಬಂದವು. ತಮಿಳಿನಲ್ಲಿ ಪದದ ಮೊದಲಿಗೆ ವಕಾರವಿದ್ದಲ್ಲಿ ಕನ್ನಡದಲ್ಲಿ ಬಕಾರ ಬರುವುದು ನಿಯಮ: ವಾ–ಬಾ, ವಿಲ್–ಬಿಲ್ಲು, ವೆಳ್ಳಿ–ಬೆಳ್ಳಿ, ವಯಲ್–ಬಯಲು, ವೇರ್–ಬೇರು. ಸುಮಾರು 450ರ ಹಲ್ಮಿಡಿ ಶಾಸನದ ‘ಬಾಳ್ಗಳ್ಚು’ ಎಂಬಲ್ಲಿ ಬಾಳ್ ಅಂದರೆ ಕತ್ತಿ, ತಮಿಳಿನಲ್ಲಿ ವಾಳ್. ಇದು ಕನ್ನಡದ ಒಳಮನೆಯ ಬದಲಾವಣೆ. ಗ್ರೀಕಿನ ಬಕಾರದ ಕಥೆ ಬೇರೆ. ಆ ಕಾಲದ ಗ್ರೀಕ್ ಲಿಪಿಯಲ್ಲಿ ವಕಾರಕ್ಕೆಂದೇ ಅಕ್ಷರವಿರಲಿಲ್ಲ, ಹೊರಗಿನ ವಕಾರವನ್ನು ಬೀಟಾ ಎಂಬ ಬಕಾರದ ಅಕ್ಷರದಲ್ಲಿ ಬರೆದರು. ಪಾಳಿಯ ‘ವೇಳುರಿಯ’ ಎಂಬ ರತ್ನದ ಹೆಸರು ಗ್ರೀಕಿನಲ್ಲಿ ‘ಬೆರುಲ್ಲೋಸ್’ ಆಗಿ ಇಂಗ್ಲಿಷಿನ ಬೆರಿಲ್ ಆದದ್ದು ಇದೇ ರೀತಿ. (ಅದರ ಮೂಲ ನಮ್ಮ ಬೇಲೂರೇ ಎನ್ನುವವರಿದ್ದಾರೆ. ಅದು ಬೇರೆ ಜಗಳ, ಇಲ್ಲಿ ಬೇಡ.) ಗ್ರೀಕರ ಕೈಗೆ ಬರುವ ಮೊದಲು ಪದದಲ್ಲಿ ವಕಾರವೇ ಇತ್ತೆಂಬುದಕ್ಕೆ ಪಾಳಿ ಸಾಕ್ಷಿ.

ಜೊತೆಗೆ ಕನ್ನಡದಲ್ಲಿ ಶುಂಠಿಗೆ ನಾವು ಆಡುವ ಪದ ಶುಂಠಿಯೇ, ಸಂಸ್ಕೃತದ್ದು. ಉತ್ತರ ಕರ್ನಾಟಕದ ‘ಅಲ್ಲ’ವೂ ತೆಲುಗಿನ ಅಲ್ಲಂ, ಮರಾಠಿಯ ಆಲೆ ಇವುಗಳ ಜೊತೆಯದು: ಹಸಿಯಾದದ್ದು ಎಂಬರ್ಥದ ಆರ್ದ್ರಕ ಪ್ರಾಕೃತದಲ್ಲಿ ಸವೆದು ಆದ ರೂಪ. ಇಂಜಿಯನ್ನು ದಿನದ ಮಾತಿನಲ್ಲಿ ಉಳಿಸಿಕೊಂಡವರು ತಮಿಳರು, ಮಲಯಾಳಿಗಳು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಬಂದ, ಕೇರಳದ ಗಿಡಗಳ ಬಗೆಗಿನ ಡಚ್ಚರ ಗ್ರಂಥದಲ್ಲೂ ಶುಂಠಿಯ ಹೆಸರು ‘ಇನ್ಶಿ’. ಹೀಗಿರುವಾಗ ಪೊಟ್ಟಣದ ಮೇಲೆ ಕನ್ನಡ ಮೂಲ ಎಂದು ಹಾಕಲು ನಾನು ಒಪ್ಪಲಿಲ್ಲ. ಸೊಸೆ ಮುಖ ಸಣ್ಣದು ಮಾಡಿಕೊಂಡರು. ಬೇರು ಮತ್ತು ವೇರ್ ಒಂದೇ ತಾಯಿಯ ಮಕ್ಕಳು, ಅಷ್ಟನ್ನು ಧಾರಾಳವಾಗಿ ಹಾಕಬಹುದು ಎಂದಾಗ ಸ್ವಲ್ಪ ಸಮಾಧಾನವಾಯಿತು.

ತಲೆಯ ಸಕಾರ

ಬಾಲ ಗಟ್ಟಿಯಾಯಿತು, ತಲೆ ಅಷ್ಟು ಗಟ್ಟಿಯಿಲ್ಲ. ಇಂಜಿಯಲ್ಲಿ ಸಕಾರವಿಲ್ಲ, ಸಿಂಗಿಯಲ್ಲಿದೆ. ಇಲ್ಲಿ ಹುಡುಗನೇ ತಡವರಿಸಿದ. ದ್ರಾವಿಡ ಭಾಷಾವಿಜ್ಞಾನಿಗಳ ಉತ್ತರ ಹೀಗಿದೆ: ಮೂಲ ದ್ರಾವಿಡದ ಹಲವು ಪದಗಳ ಮೊದಲಿಗಿದ್ದ ಚಕಾರ ದಕ್ಷಿಣದ ಭಾಷೆಗಳಲ್ಲಿ ಬಿದ್ದುಹೋಗಿದೆ. ನಮ್ಮ ‘ಆರು’ ಎಂಬ ಎಣಿಕೆಗೆ ಮಧ್ಯ ಭಾರತದ ದ್ರಾವಿಡ ನುಡಿಯಾದ ಗೊಂಡಿಯಲ್ಲಿ ಸಾರುಂಗ್. ನಮ್ಮ ಉಪ್ಪಿಗೂ ಗೊಂಡಿಯಲ್ಲಿ ಸಕಾರದಿಂದ ಶುರುವಾಗುವ ಪದ. ಅದೇ ರೀತಿ ಇಂಜಿಯೂ ಒಂದು ಕಾಲಕ್ಕೆ ಚಿಂಕಿ ಎಂಬಂಥ ರೂಪದಲ್ಲಿತ್ತು, ಆ ಹಂತದಲ್ಲೇ ಪ್ರಾಕೃತಕ್ಕೆ ದಾಟಿ ಸಿಂಗಿಯಾಯಿತು, ಆಮೇಲೆ ದಕ್ಷಿಣದಲ್ಲಿ ತಲೆಯ ಚಕಾರ ಉದುರಿತು. ನಿಯಮಕ್ಕೆ ಬೇರೆ ಉದಾಹರಣೆಗಳಿರುವುದರಿಂದ ಇದು ಬರಿಯ ಊಹೆಯಲ್ಲ. ಆದರೆ ಚಿಂಕಿ ಎಂಬ ರೂಪ ಯಾವ ಕಲ್ಲಿನಲ್ಲೂ ಓಲೆಯಲ್ಲೂ ಸಿಕ್ಕಿದ್ದಲ್ಲ, ಲೆಕ್ಕ ಹಾಕಿ ಕಟ್ಟಿದ್ದು. ನಡುವಿನ ಗಕಾರ ತಮಿಳಿನಲ್ಲಿ ಜಕಾರವಾದದ್ದಕ್ಕೂ ಕಿವಿ–ಚೆವಿ, ಕೆಂಪು–ಚೆಂಪುಗಳ ನಿಯಮವನ್ನು ತೋರಿಸಲು ಮನಸ್ಸಾಗುತ್ತದೆ. ಅದು ಪದದ ಮೊದಲಕ್ಷರದ ನಿಯಮ, ನಡುವಿಗೆ ಎಳೆದರೆ ತುಸು ಬಲವಂತವೇ.

ಬ್ರಿಟಿಷ್ ಭಾಷಾವಿಜ್ಞಾನಿ ಅಲನ್ ರಾಸ್ ಈ ಒಂದೇ ಪದದ ಪಯಣದ ಮೇಲೆ 1952ರಲ್ಲಿ ಇಡೀ ಪುಸ್ತಕ ಬರೆದ. ಅರಬ್ಬಿಯ ಜಂಜಬೀಲ್ ಕುರಾನಿನ 76ನೆಯ ಅಧ್ಯಾಯದಲ್ಲಿ ಸ್ವರ್ಗದ ಪಾನೀಯದ ರುಚಿಯಾಗಿ ಬರುತ್ತದೆ, ಅದೂ ಇದೇ ಬಳ್ಳಿಯ ಇನ್ನೊಂದು ಕವಲು. ಅಷ್ಟನ್ನೆಲ್ಲ ಪೊಟ್ಟಣದ ಮೇಲೆ ಹಾಕಲು ಜಾಗವೆಲ್ಲಿ? ಬಾರ್‌ಕೋಡಿನ ಮೇಲೆ, ತಯಾರಿಕಾ ದಿನಾಂಕದ ಪಕ್ಕ ಮೂರೇ ಸಾಲು.

ಅಚ್ಚಿಗೆ ಹೋದದ್ದು

ಗಟ್ಟಿಯಾದದ್ದನ್ನು ಗಟ್ಟಿಯಾಗಿ, ಅಲ್ಲದ್ದನ್ನು ಅಭಿಪ್ರಾಯವೆಂದು ಬರೆಯುವುದೆಂದು ತೀರ್ಮಾನಿಸಿದೆವು. ಕೊನೆಗೆ ಉಳಿದದ್ದು ಇದು:

‘ಜಿಂಜರ್: ಗ್ರೀಕ್ ಜಿಂಗಿಬೆರಿಸ್, ಲ್ಯಾಟಿನ್ ಜಿಂಗಿಬೆರಿಗಳ ಹಾದಿಯಲ್ಲಿ ಇಂಗ್ಲಿಷ್ ಸೇರಿದ ಪದ. ಪಾಳಿಯ ಸಿಂಗಿವೇರ, ಸಂಸ್ಕೃತದ ಶೃಂಗವೇರ ಇದರ ಹಳೆಯ ಭಾರತೀಯ ರೂಪಗಳು. ತಮಿಳು ಮಲಯಾಳಗಳ ಇಂಜಿ ಮತ್ತು ವೇರ್ ಪದಗಳಿಗೆ ಮೂಲವಾದ ದ್ರಾವಿಡ ರೂಪವೇ ಇದರ ಹುಟ್ಟು ಎಂದು ಭಾಷಾವಿಜ್ಞಾನಿಗಳ ಅಭಿಪ್ರಾಯ. ಕನ್ನಡದ ಬೇರು ಆ ವೇರ್‌ನ ಒಡಹುಟ್ಟು.’

‘ಅಭಿಪ್ರಾಯ’ ಎಂಬ ಪದದ ಬಗ್ಗೆ ಮಾತ್ರ ಚೌಕಾಸಿ ನಡೆಯಿತು. ಮಾರಾಟಕ್ಕೆ ಗಟ್ಟಿ ಮಾತು ಬೇಕು ಎಂದು ಸೊಸೆ. ಹುಡುಗನೂ ಅವರ ಪರ. ಇಟ್ಟುಕೊಳ್ಳಿ ಎಂದು ಪಟ್ಟು ಹಿಡಿದವರು ಮೇಷ್ಟ್ರೇ. ಶೃಂಗವೇರ ಸಾಲಿನಲ್ಲಿ ಉಳಿದದ್ದರಿಂದ ಅವರಿಗೆ ಸಮಾಧಾನವಿತ್ತು, ಕೊಂಬನ್ನು ಬಿಟ್ಟುಕೊಟ್ಟದ್ದಕ್ಕೆ ಬದಲಾಗಿ ಈ ಒಂದು ಪದ ಪಡೆದರು ಎಂದು ನನ್ನ ಅನುಮಾನ. ಪೊಟ್ಟಣದ ಇಂಗ್ಲಿಷ್ ಬರಹದಲ್ಲಿ ಜಾಗ ಸಾಲದೆ ಪಾಳಿ ರೂಪ ಬಿಟ್ಟುಹೋಗಿದೆ. ನನಗದು ಒಪ್ಪಿಗೆಯಿಲ್ಲ; ಇಡೀ ಸರಪಳಿಯಲ್ಲಿ ಅತಿ ಮುಖ್ಯ ಸಾಕ್ಷಿ ಅದೇ.

ಮುಂದಿನದು ಕರಿಮೆಣಸಿನ ಪೊಟ್ಟಣ. ಇಂಗ್ಲಿಷಿನ ಪೆಪ್ಪರ್ ಲ್ಯಾಟಿನ್ ಪಿಪೆರ್, ಗ್ರೀಕ್ ಪೆಪೆರಿಗಳ ಮೂಲಕ ಪಿಪ್ಪಲಿಗೆ ಹೋಗಿ ಮುಟ್ಟುತ್ತದೆ. ಪಿಪ್ಪಲಿ ಕರಿಮೆಣಸಲ್ಲ, ನಮ್ಮ ಹಿಪ್ಪಲಿ. ಒಂದರ ಹೆಸರು ದಾರಿಯಲ್ಲಿ ಇನ್ನೊಂದಕ್ಕೆ ಅಂಟಿಕೊಂಡದ್ದನ್ನು ಹೇಳಲು ಮೂರು ಸಾಲು ಸಾಲದು, ನಾಲ್ಕನೆಯದು ಬೇಕು ಎಂದು ಕೇಳಿದ್ದೇನೆ. ಬಾರ್‌ಕೋಡ್ ಸರಿಸಲು ಆಗುವುದಿಲ್ಲ ಎಂದು ಹಲಸೂರಿನ ಹುಡುಗ ಈಗಾಗಲೇ ಹೇಳಿಯಾಗಿದೆ.